ಬಳ್ಳಿಯಲ್ಲಿ ಬಲಿತ ಕಾಲು

ಕೊಪ್ಪಳದ ಹುಸೇನಬಿಯ ತೋಟದಲ್ಲಿ ಪ್ಲಾಸ್ಟಿಕ್ ಬಳ್ಳಿಗೆ ಕೊಡ, ಬಕೆಟ್‌ಗಳ ಜೊತೆ ಕೃತಕ ಕಾಲುಗಳೂ ಬಿಡುತ್ತಿದ್ದವು. ಎಳೆಗಾಯಿಗೆ ಅಚ್ಚು ತೊಡಿಸಿದರೆ ಸಾಕು, ಅದೇ ಆಕಾರದಲ್ಲಿ ಬಲಿತು ಗಟ್ಟಿಯಾಗುತ್ತಿತ್ತು.

ಬಸ್ ಕಂಡಕ್ಟರ್ ನೀಲವ್ವ ಅಪಘಾತದಲ್ಲಿ ಎಡಗಾಲು ಕಳೆದುಕೊಂಡಿದ್ದಳು. ಅವಳ ಅಳತೆಗೆ ಬಿಟ್ಟ ಮೊದಲ ಕಾಲನ್ನು ಅವಸರಪಟ್ಟು ಎಳೆಯದಾಗಿರುವಾಗಲೇ ಕೊಯ್ಯಿಸಿದ್ದಳು. ಅದು ವಾರದಲ್ಲೇ ಸೀಳಿತು. ಎರಡನೆಯದಕ್ಕೆ ನಾಲ್ಕು ತಿಂಗಳು ಕಾದು, ಇಂದು ಊರುಗೋಲೂರಿಕೊಂಡು ಚಪ್ಪರದ ಕೆಳಗೆ ಬಂದು ನಿಂತಿದ್ದಳು.

"ಇದೂ ಸೀಳಿದ್ರ ನನ್ನ ನೌಕರಿ ಹೋದಂಗ, ಅಕ್ಕಾ."

ಹುಸೇನಬಿ ಕಾಲನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. "ಚಲೋ ಬಲ್ತೈತಿ ತಂಗಿ. ನೀನೇ ಕೊಯ್ಯಿ."

ನೀಲವ್ವ ಕುಡುಗೋಲಿನಿಂದ ತೊಟ್ಟು ಕೊಯ್ದಳು. ಬಿಸಿಲುಂಡ ಕಾಲು ಬೆಚ್ಚಗಿತ್ತು. ಕುಳಿತು ಅದನ್ನು ಪಟ್ಟಿಯಿಂದ ತೊಡೆಗೆ ಬಿಗಿದು, ಹುಸೇನಬಿಯ ಹೆಗಲು ಹಿಡಿದು ಎದ್ದಳು. ನಾಲ್ಕು ಹೆಜ್ಜೆಯಾದ ಮೇಲೆ ಹೆಗಲು ಬಿಟ್ಟಳು. ಸೀಳುವ ಸದ್ದು ಬಂದೀತೆಂದು ಆಲಿಸಿದಳು, ಸದ್ದು ಬರಲಿಲ್ಲ.

ಅಷ್ಟರಲ್ಲಿ ತೋಟದ ಮುಂದಿನ ರಸ್ತೆಗೆ ಗಂಗಾವತಿ ಬಸ್ಸು ಬಂದು ನಿಂತಿತು. ನೀಲವ್ವ ಊರುಗೋಲಿಲ್ಲದೆ ಅದರ ಬಾಗಿಲಿಗೆ ನಡೆದಳು. "ಕೈ ಹಿಡೀಲೇನ್ರಿ ಅಕ್ಕಾರ?" ಎಂದು ಅದರ ಕಂಡಕ್ಟರ್ ಬಾಗಿದ.

"ಬ್ಯಾಡಪ್ಪಾ, ಸರಕೊಂಡು ನಿಲ್ಲು."

ಹೊಸ ಕಾಲನ್ನೇ ಮೊದಲು ಮೆಟ್ಟಿಲ ಮೇಲಿಟ್ಟು ನೀಲವ್ವ ಹತ್ತಿದಳು. ಅವನು ಬಾಯಿ ತೆರೆಯುವ ಮೊದಲೇ ಬಸ್ಸಿಗೆಲ್ಲ ಕೇಳುವಂತೆ ತಾನೇ ಕೂಗಿದಳು: "ರೈಟ್, ರೈಟ್!"