ಝುಪ್ಪುವಿನ ಸೂಟು

ಕ್ಯಾಂಟೀನಿನ ಹಿಂದಿನ ಖಾಲಿ ಜಾಗದಲ್ಲಿ ಯಾರೋ ಒಬ್ಬ ಸುಕೇಶನ ನಡಿಗೆ ನಡೆಯುತ್ತಿದ್ದ.

ಎರಡು ಹೆಜ್ಜೆ, ಒಂದು ಕುಪ್ಪಳಿಕೆ, ಆಮೇಲೆ ಆಕಾಶದಿಂದ ಯಾರೋ ಕೂಗಿದರೇನೋ ಎಂಬಂತೆ ಕತ್ತು ಓರೆ ಮಾಡಿ ನಿಲ್ಲುವುದು. ‘ತಾರಾ ಪಲ್ಟನ್’ ಎಂಬ ಮಕ್ಕಳ ಸೀರಿಯಲ್‌ನಲ್ಲಿ ಬೇರೆ ಗ್ರಹದಿಂದ ಬಂದ ಝುಪ್ಪು ನಡೆಯುವುದು ಹಾಗೆ. ಆ ನಡಿಗೆಯನ್ನು ಹುಟ್ಟಿಸಿದವನೇ ಸುಕೇಶ್. ನಾಲ್ಕು ವರ್ಷಗಳಿಂದ ಝುಪ್ಪುವಿನ ಹಸಿರು ಸ್ಪಂಜಿನ ಸೂಟಿನೊಳಗೆ ಬೆವರುತ್ತಿದ್ದವನೂ ಅವನೇ.

“ಯಾರು ನೀನು?” ಎಂದು ಕೇಳಿದ ಸುಕೇಶ್.

ಆತ ಗಾಬರಿಯಾಗಿ ನಿಂತ. “ಶರಣ ಅಂತ್ರೀ. ಡಾನ್ಸರ್ ಅದೀನಿ. ನಿಮ್ಮ ನಡಿಗಿ ಕಲಿ ಅಂತ ಮೇಡಂ ಹೇಳ್ಯಾರ್ರಿ ಅಣ್ಣಾರ. ಯಾರ ಮುಂದೂ ಹೇಳಬ್ಯಾಡ ಅಂದಿದ್ರು…” ಎಂದು ನಾಲಿಗೆ ಕಚ್ಚಿಕೊಂಡ.

ಸುಕೇಶನಿಗೆ ಮುಂದಿನದು ಕೇಳಬೇಕಾಗಿರಲಿಲ್ಲ. ಮುಂಬೈಯ ಭಾಂಡುಪ್‌ನ ಈ ಹಳೇ ಕಾರ್ಖಾನೆ ಶೆಡ್ಡಿನ ಸೆಟ್ಟಿನಲ್ಲಿ ‘ತಾರಾ ಪಲ್ಟನ್’ನ ಕೊನೆಯ ದೃಶ್ಯದ ಶೂಟಿಂಗ್ ಇವತ್ತೇ. ಆದರೆ ಮಕ್ಕಳಿಗೆ ಝುಪ್ಪು ಇಲ್ಲದೆ ಆಗದು. ಹಾಗಾಗಿ ಅವನೊಬ್ಬನನ್ನೇ ಎತ್ತಿಕೊಂಡು ಚಾನೆಲ್‌ನವರು ಹೊಸ ಸೀರಿಯಲ್ ಮಾಡುತ್ತಿದ್ದರು. ಹೆಸರು ‘ಝುಪ್ಪು ಆಯಾ ಮುಂಬೈ’, ಅಂದರೆ ಝುಪ್ಪು ಮುಂಬೈಗೆ ಬಂದ. ಕಥೆ ಮಾತ್ರ ಗುಟ್ಟು. ಶುಕ್ರವಾರ ಪತ್ರಕರ್ತರನ್ನು ಕರೆದು ತಾವೇ ಹೇಳುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ ಎಂದು ಕಟ್ಟಪ್ಪಣೆಯಾಗಿತ್ತು.

ಸಾಂತಾಕ್ರೂಜ್‌ನಲ್ಲಿ ಮಾವನ ಹೋಟೆಲಿನ ಗಲ್ಲೆ ಬಿಟ್ಟು ನಟನಾಗಲು ಹೊರಟವನು ಸುಕೇಶ್. ಮುಖ ತೋರಿಸುವ ಪಾತ್ರ ಒಂದೂ ಸಿಗಲಿಲ್ಲ; ಸಿಕ್ಕಿದ್ದು ಮುಖ ಮುಚ್ಚುವ ಪಾತ್ರ. ಮಗಳು ಯಕ್ಷಿತಾ ಶಾಲೆಯಲ್ಲಿ ‘ಝುಪ್ಪು ನನ್ನ ಪಪ್ಪ’ ಎಂದರೆ ಗೆಳತಿಯರು ನಗುತ್ತಿದ್ದರು. ಈಗ ಅದಕ್ಕೂ ಕುತ್ತು ಬಂದಿತ್ತು.

ಕಳೆದ ವಾರದ್ದೆಲ್ಲ ಒಂದೊಂದಾಗಿ ಅರ್ಥವಾಗತೊಡಗಿತು. ನಿರ್ದೇಶಕಿ ವಿನೋದಿನಿ ಅವನಿಗೆ ಸ್ವಲ್ಪ ತೂಕ ಇಳಿಸಲು ಹೇಳಿದ್ದಳು. ಸೂಟಿನೊಳಗೆ ದಪ್ಪವೇನು, ತೆಳುವೇನು? ಅದು ಕಳಿಸಿಬಿಡಲು ಹುಡುಕಿದ ನೆಪ. ದರ್ಜಿ ಬಂದು ಪ್ಯಾಂಟು ಶರ್ಟಿಗೆ ಅಳತೆ ತೆಗೆದುಕೊಂಡು ಹೋಗಿದ್ದ. ಅದು ಬೀಳ್ಕೊಡುವಾಗ ಕೊಡುವ ಉಡುಗೊರೆ. ಇನ್ನು ಫೋಟೋದವನು ಅವನ ಮುಖವನ್ನು ಎಡದಿಂದ, ಬಲದಿಂದ, ಎದುರಿನಿಂದ ಹಿಡಿದಿದ್ದ. ಅದನ್ನು ಗೇಟಿನ ವಾಚ್‌ಮನ್‌ಗೆ ಕೊಡುತ್ತಾರೆ, ಇವನನ್ನು ಒಳಗೆ ಬಿಡಬೇಡ ಎಂದು.

ಹೆಂಡತಿ ನಿಶ್ಮಿತಾಳಿಗೆ ಫೋನ್ ಮಾಡಿದ.

“ನೀವು ಬಾಯಿ ಮುಚ್ಚಿ ಕೂತದ್ದಕ್ಕೇ ಹೀಗೆ ಆದದ್ದು ಮಾರಾಯ್ರೇ” ಎಂದಳು ಆಕೆ. “ಇವತ್ತು ಬಿಡಬೇಡಿ. ಇವತ್ತು ಅವರಿಗೆ ನಿಮ್ಮ ಅಗತ್ಯ ಉಂಟು. ನಾಳೆ ಇಲ್ಲ.”

ಸೆಟ್ಟಿನಲ್ಲಿ ಲೈಟು ಹೊತ್ತಿತ್ತು. ಬಾಹ್ಯಾಕಾಶ ನೌಕೆಯ ಬಾಗಿಲ ಬಳಿ ಬೆಳ್ಳಿ ಬಟ್ಟೆಯ ಮಕ್ಕಳು ಆಕಳಿಸುತ್ತ ನಿಂತಿದ್ದರು. ಸುಕೇಶ್ ಸೂಟು ತೊಟ್ಟು ಬಂದ. ಆದರೆ ಝುಪ್ಪುವಿನ ತಲೆಯನ್ನು ಹಾಕಿಕೊಳ್ಳದೆ ತೊಡೆಯ ಮೇಲಿಟ್ಟುಕೊಂಡು, ನೌಕೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

“ಎಂತ ಸುಕೇಶ್? ಶಾಟ್ ರೆಡಿ” ಎಂದಳು ವಿನೋದಿನಿ. ಆಂಟಾಪ್ ಹಿಲ್‌ನ ಕನ್ನಡಿಗರ ನಡುವೆ ಬೆಳೆದ ಆಕೆ ಇವನೊಡನೆ ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದಳು.

“ಹೊಸ ಸೀರಿಯಲ್‌ನಲ್ಲಿ ಸೂಟಿನೊಳಗೆ ಯಾರು ಮೇಡಂ?”

ಆಕೆಯ ಮುಖ ಬಿಳಿಚಿಕೊಂಡಿತು. ಅಷ್ಟು ಸಾಕಾಯಿತು ಸುಕೇಶನಿಗೆ.

“ಶುಕ್ರವಾರದವರೆಗೆ ತಾಳು. ನನ್ನ ಮೇಲೆ ವಿಶ್ವಾಸ ಇಲ್ವಾ?”

“ಇತ್ತು ಮೇಡಂ. ಶರಣನನ್ನು ನೋಡುವವರೆಗೆ ಇತ್ತು.”

ಗದ್ದಲ ಕೇಳಿ ಚಾನೆಲ್‌ನ ಅಧಿಕಾರಿ ಅನಿಲ ಎದ್ದು ಬಂದ. ಕನ್ನಡ ಅರ್ಥವಾಗುತ್ತಿದ್ದರೂ ತಡವರಿಸಿ ಆಡುವವನು. “ಕ್ಯಾ ಪ್ರಾಬ್ಲಮ್? ನಿಮ್ಗೆ ಏನು ಬೇಕು, ಬೋಲೋ.”

ಜೀವಮಾನದಲ್ಲಿ ಮೊದಲ ಬಾರಿಗೆ ಚಾನೆಲ್‌ನವನೊಬ್ಬ ತನಗೇನು ಬೇಕೆಂದು ಕೇಳಿದ್ದ. ಸುಕೇಶ್ ಎದ್ದು ನಿಂತ. “ಝುಪ್ಪುವಿನ ಸೂಟು ನಾನೇ ಹಾಕುವುದು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ನಾಳೆ ಬೇರೆ ಎಂತದೋ ಪಾತ್ರ ಕೊಟ್ಟು ನನ್ನನ್ನು ಸಾಗಹಾಕುವ ಹಾಗೂ ಇಲ್ಲ. ಬರೆದು ಸಹಿ ಮಾಡಿ ಕೊಡಿ. ಇಲ್ಲದಿದ್ದರೆ ಈ ತಲೆ ಇಲ್ಲೇ ಇರ್ತದೆ.”

“ಸುಕೇಶ್, ಬೇಡ” ಎಂದಳು ವಿನೋದಿನಿ. “ಬೇರೆ ಪಾತ್ರ ಬೇಡ ಅಂತ ಮಾತ್ರ ಹಾಕಿಸಬೇಡ. ದಯವಿಟ್ಟು.”

“ಅದೇ ಮೊದಲು ಹಾಕಬೇಕು” ಎಂದ ಸುಕೇಶ್.

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅನಿಲ ಕೈಯೆತ್ತಿ ತಡೆದ. “ಮೇಡಂ, ಸ್ಟೋರಿ ಹೊರಗೆ ಹೋಗ್ಬಾರ್ದು. ರೂಲ್ ಈಸ್ ರೂಲ್.” ಸುಕೇಶ್ ಚೌಕಾಶಿಗೆ ಸಜ್ಜಾಗಿದ್ದ. ಆದರೆ ಅನಿಲ ಚೌಕಾಶಿ ಮಾಡಲೇ ಇಲ್ಲ. ಕಾಗದ ತರಿಸಿ, ಬರೆಸಿ, ನಗುನಗುತ್ತ ಸಹಿ ಹಾಕಿದ. ಸುಕೇಶನ ಸಹಿಯನ್ನೂ ಪಡೆದು ಕೈಕುಲುಕಿದ. ದೊಡ್ಡ ಮನುಷ್ಯ ಎಂದುಕೊಂಡ ಸುಕೇಶ್.

ಆಮೇಲೆ ತಲೆ ಹಾಕಿಕೊಂಡು ಕೊನೆಯ ಶಾಟ್‌ನಲ್ಲಿ ಎಂದೂ ನಡೆಯದಷ್ಟು ಚೆಂದ ನಡೆದ. ಎರಡು ಹೆಜ್ಜೆ, ಒಂದು ಕುಪ್ಪಳಿಕೆ. ಮಕ್ಕಳು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ನಿಂತಿದ್ದ ಶರಣನೂ ತಟ್ಟಿದ. ಕೆಲಸ ಹೋಗಿತ್ತು, ಪಾಪ. ಅವನ ಕಡೆ ನೋಡಲು ಸುಕೇಶನಿಗೆ ಸ್ವಲ್ಪ ಸಂಕೋಚವಾಯಿತು.

ಅನಿಲನ ಕಾರು ಹೊರಟ ಮೇಲೆ, ಮೇಕಪ್ ರೂಮಿನಲ್ಲಿ ವಿನೋದಿನಿ ತಾನೇ ಬಂದು ಅವನ ಬೆನ್ನಿನ ಜಿಪ್ ಎಳೆದಳು. ಅವಳ ಕಣ್ಣು ಕೆಂಪಾಗಿತ್ತು.

“ಬೇಜಾರಾ ಮೇಡಂ? ನನಗೂ ಹೊಟ್ಟೆಪಾಡು ಉಂಟಲ್ಲ” ಎಂದ ಸುಕೇಶ್. “ಆದ್ರೂ ಆ ಅನಿಲ್ ಸಾರ್ ನೋಡಿ, ಒಂದೇ ಮಾತಿಗೆ ಒಪ್ಪಿದರು.”

“ಒಪ್ಪದೆ ಏನು? ಹೀರೋಗೆ ಹೆಸರಿರುವ ನಟನೇ ಬೇಕು ಅಂತ ಅವರು ಮೊದಲಿಂದಲೂ ಹಟ ಹಿಡಿದಿದ್ರು, ನಾನೊಬ್ಬಳೇ ಅಡ್ಡ ನಿಂತಿದ್ದೆ” ಎಂದಳು ವಿನೋದಿನಿ. “ಹೊಸ ಸೀರಿಯಲ್‌ನ ಮೊದಲ ಎಪಿಸೋಡಿನಲ್ಲೇ ಝುಪ್ಪು ಸೂಟಿನಿಂದ ಹೊರಗೆ ಬಂದು ಮನುಷ್ಯ ಆಗ್ತಾನೆ ಸುಕೇಶ್, ಆ ಮನುಷ್ಯನ ಪಾತ್ರ ನಿನ್ನದಾಗಿತ್ತು.”