ಕೆಂಪು ಕೂದಲಿನ ಬೆನ್ನು ಹತ್ತಿ

ಕೂದಲು ಮೊಳದುದ್ದ ಇತ್ತು, ಕೆಂಪಗಿತ್ತು, ಗಂಡನ ಬೆವರಿನ ಬನಿಯನ್ನಿಗೆ ಅಂಟಿಕೊಂಡಿತ್ತು. ಒಗೆಯುವ ಬಟ್ಟೆಯಿಂದ ಅದನ್ನು ಎರಡು ಬೆರಳಲ್ಲಿ ಎತ್ತಿ ಹದ್ದಮ್ಮ ಬೆಳಕಿಗೆ ಹಿಡಿದಳು. ಮನೆಯಲ್ಲಿದ್ದದ್ದು ಎರಡೇ ತಲೆ. ಒಂದು ಕಪ್ಪು, ಇನ್ನೊಂದು ಬೋಳು.

ಹದ್ದಮ್ಮ ಎಂಬುದು ಬಟ್ಟೆ ಅಂಗಡಿಯ ಹುಡುಗಿಯರು ಇಟ್ಟ ಹೆಸರು. ಆ ದೊಡ್ಡ ಅಂಗಡಿಯ ಕ್ಯಾಮೆರಾ ಕೋಣೆಯಲ್ಲಿ ಕೂತು ಕಳ್ಳರನ್ನು ಹಿಡಿಯುವುದು ಅವಳ ಕೆಲಸ. ಬಾಗಿಲಲ್ಲಿ ನಿಲ್ಲಿಸಿದ ಬೊಂಬೆಯಿಂದ ಹಿಡಿದು ಮೂಲೆಯ ಕಾಲ್ಚೀಲದವರೆಗೆ ಎಲ್ಲವೂ ಅವಳ ಕಾವಲಿನಲ್ಲಿ. ಮಾಲೀಕ ಕೈ ಬಿಗಿಯ ಮನುಷ್ಯನಾದ್ದರಿಂದ ಪರದೆಗಳು ಇನ್ನೂ ಕಪ್ಪು ಬಿಳುಪಿನವು. ಬೆಳಿಗ್ಗೆ ಹಿಂಬಾಗಿಲಿಂದ ಬಂದು ಕುರ್ಚಿ ಹಿಡಿದರೆ ಏಳುವುದು ಸಂಜೆಗೇ. ಮಧ್ಯಾಹ್ನ ಗಂಡ ಊಟದ ಡಬ್ಬಿ ತಂದಿಟ್ಟು ಹೋದ ಮೇಲೆ ಮಾತ್ರ ಅವಳ ಕಣ್ಣು ಪರದೆ ಬಿಟ್ಟು ಡಬ್ಬಿಗೆ ಇಳಿಯುತ್ತಿತ್ತು. ಊಟದ ಹೊತ್ತಿನಲ್ಲಿ ಕಳ್ಳರನ್ನು ದೇವರೇ ನೋಡಿಕೊಳ್ಳಬೇಕು.

ಗಂಡನಿಗೆ ಎದುರು ಬೀದಿಯಲ್ಲಿ ಬೀಗ ರಿಪೇರಿಯ ಅಂಗಡಿ. ಅವನ ಬಾಯಿಗೂ ಒಂದು ಬೀಗ ಇದೆಯೆಂಬುದು ಹೆಂಡತಿಯ ಹಳೆಯ ದೂರು. ಅಂಥವನು ಒಂದು ದಿನ ಇದ್ದಕ್ಕಿದ್ದಂತೆ, "ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದೀನಿ" ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬಸ್ಸು ಹಿಡಿಯಲೂ ಓಡದವನು ಬೆಳಗಾಗುವ ಮುಂಚೆ ಎದ್ದು ಓಡುತ್ತಾನಂತೆ. ಈಗ ಕೂದಲು ಕೈಯಲ್ಲಿತ್ತು. ನಗು ಎಲ್ಲೋ ಹೋಗಿತ್ತು.

ಮರುದಿನ ಬೆಳಿಗ್ಗೆ ಅವಳು ಅವನ ಹಿಂದೆ ಹೊರಟಳು.

ಮೊದಲ ದಿನ ಬೀದಿಯ ಕೊನೆಗೇ ಉಸಿರು ಮೇಲೆ ಕೆಳಗಾಯಿತು. ಪುಣ್ಯಕ್ಕೆ ಗಂಡ ತಿರುವಿಗೊಮ್ಮೆ ನಿಂತು, ಬಗ್ಗಿ, ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಊರಿನ ಬೀಗಗಳನ್ನೆಲ್ಲ ತೆರೆಯುವ ಕೈಗೆ ಒಂದು ಗಂಟು ನೆಟ್ಟಗೆ ಹಾಕಲು ಬರುವುದಿಲ್ಲ ಎಂದು ಮರದ ಮರೆಯಲ್ಲಿ ಏದುಸಿರು ಬಿಡುತ್ತ ಅವಳು ಹಲ್ಲು ಕಡಿದಳು. ಅವಳ ಚಪ್ಪಲಿ ಹರಿಯಿತು. ಗಂಡ ತನ್ನ ತಂಗಿಗೆಂದು ತಂದಿದ್ದ ಬೂಟು ತಂಗಿಗೆ ದೊಡ್ಡದಾಗಿ ಮನೆಯಲ್ಲೇ ಬಿದ್ದಿತ್ತು. ಇವಳ ಕಾಲಿಗೆ ಅದು ಹೇಳಿ ಮಾಡಿಸಿದಂತಿತ್ತು.

ವಾರಕ್ಕೊಂದು ಕೂದಲು ತಪ್ಪದೆ ಬರುತ್ತಿತ್ತು. ಅವನು ಮಾತ್ರ ಎಲ್ಲೂ ಸಿಕ್ಕಿಬೀಳಲಿಲ್ಲ. ಸೇತುವೆಯವರೆಗೆ ಓಡುತ್ತಿದ್ದವನು ಕೆರೆಯವರೆಗೆ ಓಡಿದ, ಆಮೇಲೆ ಕೆರೆಯನ್ನೂ ಸುತ್ತಿದ. ಆ ಕೆಂಪು ತಲೆಯವಳು ಇನ್ನೂ ದೂರದಲ್ಲಿರಬೇಕು ಎಂದು ಅವಳೂ ಓಡಿದಳು. ಮಳೆ ಮುಗಿದು ಚಳಿ ಬಂತು. ಅವಳ ಬಟ್ಟೆಗಳು ಸಡಿಲವಾದವು. ಎಲ್ಲವೂ ಕೊರಗಿನಿಂದ ಎಂದುಕೊಂಡಳು. ರಾತ್ರಿ ಅವನ ಗೊರಕೆ ಕೇಳುತ್ತ, ಇದೂ ಇಲ್ಲದ ಮನೆಯಲ್ಲಿ ತಾನು ಹೇಗಿರುವುದು ಎಂದು ಹೆದರಿದಳು. ಕೇಳಿಬಿಡಬಹುದಿತ್ತು. ಕೇಳಿದರೆ ಹೌದು ಅಂದುಬಿಟ್ಟಾನು ಎಂಬ ಭಯ.

ವರ್ಷದಿಂದ "ನಡೀರಿ, ಇಲ್ಲಾಂದ್ರೆ ಹೃದಯ ಕೈಕೊಡುತ್ತೆ" ಎಂದು ಬಡಿದುಕೊಳ್ಳುತ್ತಿದ್ದ ಡಾಕ್ಟರು ಅವಳ ಸಕ್ಕರೆ ಇಳಿದದ್ದು ನೋಡಿ ಬೆರಗಾದರು. "ಯಾವ ಔಷಧಿ ತಗೊಂಡ್ರಿ?"

"ಚಿಂತೆ" ಎಂದಳು.

ಪಕ್ಕದಲ್ಲಿ ಕೂತಿದ್ದ ಗಂಡ ಗೋಡೆಯ ಮೇಲಿನ ಮೂಳೆಗಳ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

ಓಟದ ಹಿಂದಿನ ಸಂಜೆ ಅವನು ಮೇಜಿನ ಮೇಲೆ ಓಡುವವರು ಎದೆಗೆ ಅಂಟಿಸಿಕೊಳ್ಳುವ ನಂಬರಿನ ಚೀಟಿ ಎರಡನ್ನು ಇಟ್ಟ. "ಗೆಳೆಯನಿಗೆ ಮಂಡಿನೋವಂತೆ, ಬರಲ್ಲ. ಅವನ ನಂಬರ್ ಸುಮ್ನೆ ದಂಡ" ಎಂದು ಮಲಗಲು ಹೋದ. ತನ್ನ ಅದೃಷ್ಟದ ಮೇಲೆ ಹದ್ದಮ್ಮನಿಗೇ ನಂಬಿಕೆ ಬರಲಿಲ್ಲ.

ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಅವಳು ಸಾವಿರ ಜನರ ನಡುವೆ ಒಂದೇ ಒಂದು ಬೋಳು ತಲೆಯ ಹಿಂದೆ ಓಡಿದಳು. ಅರ್ಧ ದಾರಿಯಲ್ಲಿ ತೊಡೆ ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ಬಿಟ್ಟುಬಿಡೋಣ ಅನಿಸಿತು. ಕೊನೆಯ ಗೆರೆಯಲ್ಲಿ ಆ ಕೆಂಪು ತಲೆಯವಳು ಹೂ ಹಿಡಿದು ನಿಂತಿರುತ್ತಾಳೆ ಎಂದು ನೆನೆದದ್ದೇ ತಡ, ಕಾಲುಗಳು ತಾವಾಗಿ ಎದ್ದವು. ಗೆರೆ ಕಂಡಾಗ ಪತ್ತೇದಾರಿಕೆಯೆಲ್ಲ ಮರೆತುಹೋಯಿತು. ಗಂಡನಿಗಿಂತ ಮೊದಲೇ ಹೋಗಿ ಅವಳ ಮುಖ ನೋಡಬೇಕೆಂದು ಅವನನ್ನೇ ಹಿಂದೆ ಹಾಕಿ ನುಗ್ಗಿದಳು.

ಅಲ್ಲಿ ಕಪ್ಪು ತಲೆಗಳಿದ್ದವು, ನರೆತ ತಲೆಗಳಿದ್ದವು. ಕೆಂಪು ತಲೆ ಒಂದೂ ಇರಲಿಲ್ಲ. ಯಾರೋ ಕೊರಳಿಗೆ ಪದಕ ಹಾಕಿದರು.

ಗಂಡ ಏದುಸಿರು ಬಿಡುತ್ತ ಬಂದ. "ನೀನು ಯಾವಾಗ ಬಂದೆ?"

"ಇಲ್ಲೇ, ನಿಮ್ಮ ಹಿಂದೇನೇ ಇದ್ದೆ."

"ಹಿಂದೆ ಎಲ್ಲಿ ಬಂತು? ಮುಂದೆ ಹೋದೆಯಲ್ಲ." ಅವನು ಪದಕವನ್ನು ಮುಟ್ಟಿ ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು. ಪಾಪಪ್ರಜ್ಞೆ ಎಂದು ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮರುದಿನ ಮಾಲೀಕ ಸಿಡುಕುತ್ತ ಕ್ಯಾಮೆರಾ ಕೋಣೆಗೆ ಬಂದ. "ಹದ್ದಿನ ಕಣ್ಣು ಅಂತ ಕೂರಿಸಿದೀನಿ, ಬಾಗಿಲ ಬೊಂಬೆಯ ತಲೆ ಬೋಳಾಗ್ತಾ ಇದೆ. ಯಾರೋ ಕಿತ್ತುಕೊಂಡು ಹೋಗ್ತಿದಾರೆ. ಸ್ವಲ್ಪ ನೋಡಮ್ಮ." ನೆತ್ತಿ ಸವೆದ, ಕೃತಕ ಕೂದಲಿನ ಹಳೆಯ ಟೋಪನ್ನನ್ನು ಅವಳ ಮಡಿಲಿಗೆ ಎಸೆದು, ಬೊಂಬೆಗೆ ಅಂಥದ್ದೇ ಹೊಸದು ಹಾಕಿಸಿದ್ದೀನೆಂದು ಹೇಳಿ ಹೋದ.

ಟೋಪನ್ನು ಕೆಂಪಗಿತ್ತು. ಕೂದಲು ಮೊಳದುದ್ದ.

ಮಧ್ಯಾಹ್ನ ಗಂಡ ಡಬ್ಬಿ ಇಟ್ಟು, "ಮುಂದಿನದು ನಲವತ್ತೆರಡು ಕಿಲೋಮೀಟರಂತೆ, ಹೆಸರು ಕೊಟ್ಟು ಬಂದೆ" ಎಂದು ಹೊರಟ. ಮೊದಲ ಸಲ ಹದ್ದಮ್ಮ ಡಬ್ಬಿ ಮುಟ್ಟಲಿಲ್ಲ. ಪರದೆ ನೋಡುತ್ತ ಕೂತಳು.

ಬೋಳು ತಲೆಯವನೊಬ್ಬ ಬಾಗಿಲ ಬೊಂಬೆಯ ಪಕ್ಕ ನಿಂತ, ಅತ್ತಿತ್ತ ನೋಡಿದ, ಹೊಸ ಟೋಪನ್ನಿನಿಂದ ಉದ್ದನೆಯದೊಂದು ಕೂದಲನ್ನು ಆರಿಸಿ ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡ, ಮತ್ತೆ ಹೊಸ್ತಿಲಲ್ಲಿ ಅಭ್ಯಾಸಬಲದಿಂದ ನಿಂತು, ಹಿಂದೆ ಬರುವವಳಿಗೆ ಕಾಯುವವನಂತೆ, ಬಗ್ಗಿ ಲೇಸು ಕಟ್ಟಿಕೊಂಡ.