ಎರಡು ಕೊಡದ ಮಳೆಗಾಲ

ನಮ್ಮ ಕಡಲು ಬಿಸಿಯೇರಿ ಬಂಗುಡೆ ಮೀನೆಲ್ಲ ಬಡಗಣ ಹಿಮಗಡಲಿಗೆ ಹೋದಾಗ, ಅದರ ಬೆನ್ನು ಹಿಡಿದು ನಾವು ಗಂಗೊಳ್ಳಿಯವರೂ ಬಂದು ಇಲ್ಲಿ ಕೇರಿ ಕಟ್ಟಿಕೊಂಡೆವು. ಈ ಕಡಲಿನ ರೀತಿಯನ್ನು ಮೀನು ಒಂದೇ ವರ್ಷದಲ್ಲಿ ಕಲಿಯಿತು. ನಾನು ತಾಂಡೇಲ, ದೋಣಿ ಯಾವಾಗ ಇಳಿಯಬೇಕೆಂದು ಹೇಳುವವ. ನನಗೆ ಇನ್ನೂ ಸಮಯ ಬೇಕು.

ಆಷಾಢ ಬಂತೆಂದರೆ ದೋಣಿಯನ್ನು ದಡಕ್ಕೆಳೆದು, ಮಳೆಗಾಲ ಮುಗಿದು ಕಡಲಿಗೆ ಹಾಲೆರೆದು ಸಮುದ್ರಪೂಜೆ ಆಗುವವರೆಗೆ ಬಲೆ ಹೆಣೆಯುತ್ತ ಕೂರುವುದು ನಮ್ಮ ಹಿರಿಯರ ಕಟ್ಟಳೆ. ಇಲ್ಲಿ ಆಷಾಢದಲ್ಲಿ ಮಳೆಯಿಲ್ಲ, ಸೂರ್ಯ ಮುಳುಗುವುದೂ ಇಲ್ಲ. ಹಿಮ ಕರಗಿದ ಅಂಚಿನಲ್ಲಿ ನೀರು ಪಾಚಿಯಿಂದ ಹಸಿರಾಗಿತ್ತು. ಪಾಚಿ ತಿನ್ನಲು ಸಣ್ಣ ಸಿಗಡಿ, ಸಿಗಡಿ ತಿನ್ನಲು ಬಂಗುಡೆ, ದಡದವರೆಗೂ ಬಂದು ಕುಣಿಯುತ್ತಿದ್ದವು. ನಾನು ಬಿಸಿಲಲ್ಲಿ ಕೂತು ಮಳೆಗೆ ಕಾಯುತ್ತಿದ್ದೆ.

"ಹ್ವಾಯ್, ಇನ್ನೆಷ್ಟ್ ದಿನ ಕೂಕಂತ್ರಿ?" ಎಂದಳು ಹೆಂಡತಿ ಚಂದು. "ನಿಮ್ ಮಳಿ ಬಪ್ಪದ್ರೊಳ್ಗೆ ಕಡ್ಲ್ ಮತ್ತೆ ಹೆಪ್ಪುಗಟ್ಟತ್ತ್. ಹ್ವಾದ್ ಚಳಿಗಾಲ ಕೇರಿಯವ್ರೆಲ್ಲ ಬರೀ ಗಂಜಿ ಉಂಡದ್ ಮರ್ತ್ ಹೋಯ್ತಾ?"

"ಮಳಿ ಬರ್ದೆ ಮಳಿಗಾಲ ಮುಗಿಯತ್ತಾ ಮಾರಾಯ್ತಿ?"

ಅವಳು ದಡಕ್ಕಿಳಿದಳು. ಒಂದು ಕೊಡ ಕಡಲ ನೀರು ತಂದು ನನ್ನ ತಲೆಯ ಮೇಲೆ ಸುರಿದಳು. ನನ್ನ ಉಸಿರು ನಿಂತಿತು. ಇನ್ನೊಂದು ಕೊಡ ತಂದು ಸುರಿದಳು. ಆಮೇಲೆ ಖಾಲಿ ಕೊಡವನ್ನು ಬೋರಲು ಹಿಡಿದು ತೋರಿಸಿ, "ಕಾಣಿ, ಮಳಿ ನಿಂತ್ತ್. ಹಾಲ್ ತತ್ತೆ, ಪೂಜಿ ಮಾಡಿ" ಎಂದಳು.

ಹಲ್ಲು ಕಟಕಟ ಎನ್ನುತ್ತಿದ್ದರೂ ತಾಂಡೇಲನ ಗತ್ತು ಬಿಡಲಾದೀತೆ? ಹಣೆಗೆ ಕೈಯಿಟ್ಟು ಮೋಡವಿಲ್ಲದ ಆಕಾಶವನ್ನು ಉದ್ದಕ್ಕೂ ನೋಡಿ, ಕೇರಿಗೆಲ್ಲ ಕೇಳುವಂತೆ ಕೂಗಿದೆ:

"ಈ ವರ್ಷ ಮಳಿ ಜೋರೇ ಬಂತ್. ದೋಣಿ ದೂಡಿ!"